ಇನ್ಸ್‌ಪೆಕ್ಟರಣ್ಣ ಕೇಳಿದ ಖಾಲಿ ಪೊಟ್ಟಣ

ಅವರ ಬಲಗೈ ಹೆಬ್ಬೆರಳ ತುದಿಯಲ್ಲಿ ಸದಾ ಕೆಂಪು ಅರಗು ಅಂಟಿಕೊಂಡಿರುತ್ತಿತ್ತು. ಅಂಗಡಿಗಳ ಎಣ್ಣೆ, ಬೇಳೆ, ಪುಡಿಗಳ ಮಾದರಿಯನ್ನು ಸೀಸೆಗೆ ತುಂಬಿ, ಬಾಯಿಗೆ ಅರಗು ಇಳಿಸಿ ಮೊಹರು ಒತ್ತುವುದು ಅವರ ಕೆಲಸ. ಕಲಬೆರಕೆ ಹಿಡಿಯುವ ಫುಡ್ ಇನ್ಸ್‌ಪೆಕ್ಟರು. ಎಪ್ಪತ್ತರ ದಶಕದಲ್ಲಿ ಮಳವಳ್ಳಿಯ ನಮ್ಮ ವಠಾರದ ಮುಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ನನಗೆ ಅವರು ಇನ್ಸ್‌ಪೆಕ್ಟರಣ್ಣ, ಅವರಿಗೆ ನಾನು ತಂಗ್ಯವ್ವ. ಗುಡಿಯ ಮೆಟ್ಟಿಲು ಹತ್ತದ ಮನುಷ್ಯ ಎಂಬುದೊಂದೇ ನನಗೆ ಬೇಸರ.

ಊಟಕ್ಕೆ ಕರೆದರೆ, ತುತ್ತು ಬಾಯಿಗಿಡುವ ಮೊದಲು ಮೂಸುವ ಚಾಳಿ.

"ನಮ್ಮನೆ ಸಾರಿಗೂ ಕೇಸ್ ಆಕ್ತೀರಾ ಅಣ್ಣಾ?"

"ನಿನ್ ಕೈ ಒಳ್ಳೇದೇ ಕಣವ್ವ. ಅಂಗ್ಡಿ ನೆಚ್ಕಬ್ಯಾಡ."

ಆ ವರ್ಷ ನನ್ನ ನಾಲ್ಕು ವರ್ಷದ ಮಗಳಿಗೆ ಕೆಮ್ಮು ಬಿಡಲೇ ಇಲ್ಲ. ಬೆಳಿಗ್ಗೆ ಸಂಜೆ ಅರಿಶಿನದ ಹಾಲು ಕುಡಿಸುತ್ತಿದ್ದೆ. ಪುಡಿ ಎದುರಿನ ದಿನಸಿ ಅಂಗಡಿಯದು. ಪೊಟ್ಟಣದ ಮೇಲೆ 'ಅಪ್ಪಟ ಅರಿಶಿನ' ಎಂಬ ದಪ್ಪಕ್ಷರ, ಕೆಳಗೆ ಕಮಲದ ಮೇಲೆ ಕೂತ ಲಕ್ಷ್ಮಿ. ಕಣ್ಣು ಕುಕ್ಕುವ ಹಳದಿ. ತಾಯಿಯೇ ಕೂತಿರುವಾಗ ಇನ್ನೇನು ನೋಡುವುದು ಎಂದು ಕಣ್ಣಿಗೊತ್ತಿಕೊಂಡು ತರುತ್ತಿದ್ದೆ.

ಒಂದು ಬೆಳಿಗ್ಗೆ ಮಗುವಿನ ಕೈಯ ಲೋಟ ನೋಡಿದವರೇ ಕಿತ್ತುಕೊಂಡರು. ಪುಡಿಯ ಡಬ್ಬಿ ತರಿಸಿ, ಚಿಟಿಕೆಯಷ್ಟು ನೀರಿಗೆ ಕದಡಿ, ತಮ್ಮ ಚೀಲದ ಸೀಸೆಯಿಂದ ಎರಡು ಹನಿ ಆಸಿಡ್ ಬಿಟ್ಟರು. ನೀರು ನೇರಳೆಗೆ ತಿರುಗಿತು. ಮತ್ತೆ ನೀರು ಸುರಿದರೂ ಬಣ್ಣ ಹೋಗಲಿಲ್ಲ; ನಿಜವಾದ ಅರಿಶಿನವಾದರೆ ಹೋಗಬೇಕಂತೆ.

"ಇದು ಬಟ್ಟೆಗಾಕೋ ಬಣ್ಣ ತಂಗ್ಯವ್ವ. ಇನ್ನೊಂದು ಚಿಟ್ಕೆನೂ ಕೊಡಬ್ಯಾಡ."

"ಲಕ್ಷ್ಮಿ ಚಿತ್ರ ಐತಲ್ಲಣ್ಣಾ!"

"ಮೇಲ್ ಕುಂತಿರೋ ಲಕ್ಷ್ಮವ್ವಂಗೆ ಒಳಗೇನ್ ತುಂಬವ್ರೆ ಅಂತ ಯಾರ್ ಯೋಳವ್ರೆ?"

ನನ್ನ ಕೈಯಾರೆ ಕುಡಿಸಿದ್ದೆ. ಮಗಳು ಪ್ರತಿ ಸಲ ಕೆಮ್ಮಿದಾಗಲೂ ಎದ್ದು ಹೋಗಿ ನೋಡುತ್ತಿದ್ದೆ.

ಅವರು ಅಂಗಡಿಗೆ ಹೋಗುವಷ್ಟರಲ್ಲಿ ಸುಳಿವು ಸಿಕ್ಕಿ ಪೊಟ್ಟಣಗಳೆಲ್ಲ ಮಾಯ. "ಅಂತಾ ಮಾಲು ನಾನ್ ಮಡಗೇ ಇಲ್ಲ ಸ್ವಾಮಿ. ಬೇಕಾದ್ರೆ ಗೋಣಿ ಒದ್ರಿ ನೋಡಿ" ಎಂದು ಅಂಗಡಿಯವರು ಕೂಗುವುದು ನಮ್ಮ ಮನೆಗೂ ಕೇಳಿಸಿತು.

ಹಿಂದಿರುಗಿ ಹೊಸ್ತಿಲ ಬಳಿ ನಿಂತರು. "ನಿನ್ ಡಬ್ಬಿ ಪುಡಿ ಕಾನೂನ್ಗಾಗಕಿಲ್ಲ. ಮಾರೋ ಜಾಗದಲ್ಲೋ ಮಾಡೋ ಜಾಗದಲ್ಲೋ, ಸಾಕ್ಸಿ ಮುಂದೆ ಮಾದ್ರಿ ತಗೀಬೇಕು. ಎಲ್ಲಿ ಮಾಡ್ತಾರೆ ಅನ್ನೋದಾದ್ರೂ ಗೊತ್ತಾಗಿದ್ರೆ... ಖಾಲಿ ಪೊಟ್ಣನ ಒಲೆಗಾಕಿರ್ತೀಯ."

ಹಾಕಿರಲಿಲ್ಲ. ದೇವಿಯ ಚಿತ್ರವನ್ನು ಒಲೆಗೆ ಹಾಕುವುದುಂಟೆ? ಏಳು ಖಾಲಿ ಪೊಟ್ಟಣ ದೇವರ ಪಟದ ಹಿಂದೆ ಇಟ್ಟಿದ್ದೆ. ಅವುಗಳ ಬೆನ್ನಿಗೆ, ಸಣ್ಣಕ್ಷರದಲ್ಲಿ, ಪುಡಿ ಮಾಡುವವರ ಹೆಸರು, ಮಂಡ್ಯದ ಗುತ್ತಲು ಬಡಾವಣೆಯ ವಿಳಾಸ. ಕೊಡುವ ಮೊದಲು ಎದುರಿನ ಅಂಗಡಿಯತ್ತ ನೋಡಿದೆ. ಅಂಗಡಿಯವರ ಹೆಂಡತಿ ಶುಕ್ರವಾರ ನನ್ನ ಜೊತೆ ಗುಡಿಗೆ ಬರುವವಳು.

"ನನ್ನೆಸ್ರು ಬತ್ತದಾ ಅಣ್ಣಾ?"

"ಮಾಡ್ದೋನ್ ಎಸ್ರೇ ಐತಲ್ಲವ್ವ, ನಿಂದ್ಯಾಕೆ?"

ಮೂರನೆಯ ದಿನ ಮಂಡ್ಯದಿಂದ ಬಂದರು. ಹೆಬ್ಬೆರಳಲ್ಲಿ ಹೊಸ ಅರಗು. ಪುಡಿ ಮಾಡುವ ಜಾಗದಲ್ಲೇ ಮಾದರಿ ಸಿಕ್ಕಿತ್ತು. ಮುಂದೆ ಕೇಸಾಯಿತು, ಆ ಪೊಟ್ಟಣ ನಿಂತಿತು. ನನ್ನ ಹೆಸರು ಎಲ್ಲೂ ಬರಲಿಲ್ಲ.

"ಕೇಸಿಗೆ ಒಂದು ಪೊಟ್ಣ ಸಾಕು. ಮಿಕ್ಕಿದ ಆರ್ ಜನ ಲಕ್ಷ್ಮೀರ್ನ ಮದ್ದೂರಲ್ಲಿ ಬಸ್ಸಿಳ್ದು ಶಿಂಷಾ ವಳೆಗೆ ಬುಟ್ ಬಂದೆ. ಕೈನೂ ಮುಗ್ದೆ ಕಣವ್ವ, ನಗಬ್ಯಾಡ" ಎಂದರು ಆ ದಿನ.

ಕೆಮ್ಮು ಒಂದು ತಿಂಗಳಲ್ಲಿ ಇಳಿಯಿತು. ಭಗವಂತ ಅಷ್ಟು ಕಾಪಾಡಿದ. ಇನ್ಸ್‌ಪೆಕ್ಟರಣ್ಣನಿಗೆ ವರ್ಗವಾಯಿತು.

ಅವರು ತೀರಿಕೊಂಡ ಸುದ್ದಿ ಬಂದಾಗ ಮಗಳ ಮದುವೆಗೆ ಅರಿಶಿನದ ಕೊಂಬು ಕುಟ್ಟುತ್ತಿದ್ದೆ. ಕೆಮ್ಮಿನ ಆ ವರ್ಷದಿಂದ ಅಂಗಡಿಯ ಪುಡಿ ಕೊಂಡಿಲ್ಲ. ಶುಭಕಾರ್ಯದ ಮನೆಯಲ್ಲಿ ಅಳಬಾರದೆಂದರು ನೆಂಟರು. ಸೆರಗಿಗೆ ಕಣ್ಣೊರೆಸಿಕೊಂಡು ಒನಕೆ ಎತ್ತಿದೆ. ಒಳಗೆ ಮಗಳು ಕೆಮ್ಮಿದಳು. ಕುಟ್ಟಿದ ಘಾಟಿಗೆ, ಅಷ್ಟೆ. ಆದರೂ ಎದ್ದು ಹೋಗಿ ನೋಡಿ ಬಂದೆ.