ಮ್ಯಾಂಗನೀಸ್ ಪದರ ಹಾಸುವ ಓರ್ನೆಲ್ಲಾ

ಬೆಳಗಿನ ಐದೂವರೆ. ಮೊಡೆನಾದ ಪ್ರಯೋಗಾಲಯವೊಂದರ ನೆಲಮಾಳಿಗೆಯಲ್ಲಿ ಓರ್ನೆಲ್ಲಾ ಬರಾಲ್ಡಿ ಉಕ್ಕಿನ ನಿರ್ವಾತ ಪಾತ್ರೆಯ ಗಾಜಿನ ಕಿಂಡಿಗೆ ಕಣ್ಣಿಟ್ಟು ನಿಂತಿದ್ದಾರೆ. ಒಳಗೆ ಉಗುರಗಲದ ಬೆಳ್ಳಿಯ ತುಣುಕಿನ ಮೇಲೆ ಮ್ಯಾಂಗನೀಸ್ ಆವಿ ಪದರವಾಗಿ ಕೂರುತ್ತಿದೆ. "ಈಗ ಮಾತಾಡಿಸ್ಬೇಡಿ," ಎನ್ನುತ್ತಾರೆ, ತಿರುಗಿ ನೋಡದೆ.

ಆ ಪದರದ ಪ್ರತಿ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಅಕ್ಕಪಕ್ಕದವು ಎದುರುಬದುರು ದಿಕ್ಕಿಗೆ ನಿಲ್ಲುವುದರಿಂದ ಹೊರಗೆ ಸೆಳೆತವೇ ಕಾಣದು. ಅಯಸ್ಕಾಂತದ ಗುಣವುಳ್ಳ ಅಣುಗಳೋ, ತುಸು ಶಾಖಕ್ಕೇ ದಿಕ್ಕು ಮರೆಯುವಂಥವು. ಪದರದ ಮೇಲೆ ಕೂರಿಸಿದರೆ ಅದು ಅವುಗಳ ದಿಕ್ಕನ್ನು ಹಿಡಿದಿಡಬೇಕು ಎಂಬುದು ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್ ಗ್ವಿದೆತ್ತಿ ಅವರ ಆಸೆ. ನಾಲ್ಕು ವರ್ಷ ಆ ಹಿಡಿತ ಸಿಗಲೇ ಇಲ್ಲ. ಅಣುವೇ ಸರಿಯಿಲ್ಲ ಎಂದರು ಎಲ್ಲರೂ.

ಮೂವತ್ತೊಂದು ವರ್ಷ ಇಲ್ಲಿನ ನಿರ್ವಾತ ಪಂಪುಗಳನ್ನು ನೋಡಿಕೊಂಡ ತಂತ್ರಜ್ಞೆ ಓರ್ನೆಲ್ಲಾಗೆ ಬೇರೆಯೇ ಗುಮಾನಿ. ಅವರು ಮುಂಜಾನೆ ಪದರ ಹಾಸುತ್ತಾರೆ. ಸಂಶೋಧಕರು ಅಣು ಕೂರಿಸಲು ಬರುವುದು ಊಟ ಮುಗಿಸಿ. ನಿರ್ವಾತದಲ್ಲೂ ಚೂರುಪಾರು ಗಾಳಿ ಉಳಿದಿರುತ್ತದೆ, ಮ್ಯಾಂಗನೀಸ್ ಅಷ್ಟಕ್ಕೇ ಕೆಡುತ್ತದೆ.

"ಇಪ್ಪತ್ತೇ ನಿಮಿಷ, ಅಷ್ಟರೊಳಗೆ ಕೂರಿಸ್ಬೇಕು ಅಂದೆ. 'ಅಡುಗೆಮನೆ ಗಡಿಯಾರ ಹಿಡ್ಕೊಂಡು ಭೌತಶಾಸ್ತ್ರ ಮಾಡ್ತೀರಾ ಸಿನ್ಯೋರಾ?' ಅಂದ ಅಣು ಕೂರಿಸೋ ಸಂಶೋಧಕ ತಿತ್ಸಿಯಾನೋ. ಎಲ್ಲರೂ ನಕ್ಕರು."

ಕಳೆದ ಮಾರ್ಚಿನಲ್ಲಿ ಒಂದು ಮುಂಜಾನೆ ಯಾರನ್ನೂ ಕೇಳದೆ ಅವರೇ ಅಣುಗಳನ್ನೂ ಕೂರಿಸಿದರು. ಮಧ್ಯಾಹ್ನ ಅಳೆದಾಗ ಪರದೆಯ ಮೇಲೆ ಅಣುಗಳ ಅಯಸ್ಕಾಂತ ಗುಣ ತೋರುವ ವಕ್ರರೇಖೆ ಒಂದು ಪಕ್ಕಕ್ಕೆ ಸರಿದಿತ್ತು. ಪದರ ಅಣುಗಳನ್ನು ಹಿಡಿದಿತ್ತು! ತಿತ್ಸಿಯಾನೋ ಕುರ್ಚಿ ಹತ್ತಿ ಕುಣಿದ.

ಪ್ರಬಂಧ ಅಚ್ಚಾಯಿತು. ಒಂಬತ್ತು ಹೆಸರು, ಓರ್ನೆಲ್ಲಾ ಅವರದಿಲ್ಲ. ಕೊನೆಯ ಸಾಲಿನಲ್ಲಿ 'ತಾಂತ್ರಿಕ ಸಿಬ್ಬಂದಿಗೆ ಕೃತಜ್ಞತೆ'.

"ಪ್ರೊಫೆಸರನ್ನೇ ಹೋಗಿ ಕೇಳ್ದೆ. 'ನೀವಿಲ್ದೆ ನಾವೆಲ್ಲಿ ಓರ್ನೆಲ್ಲಾ! ಆದ್ರೆ ಇದಕ್ಕೆಲ್ಲ ಒಂದು ಪದ್ಧತಿ ಇರುತ್ತೆ' ಅಂದ್ರು. ಕಾಫಿ ಕೊಡ್ಸಿದ್ರು."

ಈ ಶರತ್ಕಾಲದಲ್ಲಿ ಡೆನ್ಮಾರ್ಕಿನ ತಂಡವೊಂದು ಪತ್ರ ಬರೆದಿದೆ: ನಮಗೆ ಈ ಫಲಿತಾಂಶ ಬರುತ್ತಿಲ್ಲ, ಹೇಗೆ ಮಾಡಿದಿರಿ? ಪ್ರೊಫೆಸರಿಗೆ ಉತ್ತರ ಗೊತ್ತಿಲ್ಲ. ನೆಲಮಾಳಿಗೆಗೆ ಇಳಿದು ಬಂದರು. ಓರ್ನೆಲ್ಲಾ ನಾಲ್ಕು ಪುಟ ಬರೆದು, ಪ್ರತಿ ಪುಟದ ಕೆಳಗೂ ಸಹಿ ಹಾಕಿ ಕೊಟ್ಟರು. ಡೆನ್ಮಾರ್ಕಿಗೆ ಹೋದದ್ದು ಅದರ ಬೆರಳಚ್ಚು ಪ್ರತಿ; ಅದರಲ್ಲಿ ಸಹಿ ಇರಲಿಲ್ಲ.

ಮುಂದಿನ ಜೂನಿಗೆ ಅವರಿಗೆ ನಿವೃತ್ತಿ. ಡೆನ್ಮಾರ್ಕಿನವರಿಗೂ ಆ ರೇಖೆ ಸಿಗಲಿ ಎಂಬ ಆಸೆಯಿದೆಯೇ?

"ಸಿಗ್ಲಿ. ಸಿಕ್ಕೇ ಸಿಗುತ್ತೆ, ನಾನು ಬರ್ದಂಗೆ ಮಾಡಿದ್ರೆ." ಕೈಗವಸು ಕಳಚುತ್ತಾರೆ. "ಹೆಸರು ಬರದೇ ಇದ್ರೂ ಪರವಾಗಿಲ್ಲ ಅಂತ ನನ್ ಬಾಯಲ್ಲಿ ಹೇಳಿಸ್ಬೇಡಿ. ಬರ್ಬೇಕಿತ್ತು."