ಮಾಬ್ಲನ ಹುಳಗಳಿಗೆ ತಾರ್ಲೆ ಊಟ

ಮಂಕಿ ಊರಿನ ಮಾಬ್ಲ ನಾಯ್ಕನ ಮನೆಗೆ ಹೋಗಿ ಮೀನು ತಿನ್ನದೆ ಹೊರಬಿದ್ದವರು ಕಡಿಮೆ. ದಾರಿ ಕೇಳಲು ಬಂದವನನ್ನೂ ಜಗಲಿ ಹತ್ತಿಸಿ, ಕೈ ತೊಳೆಸಿ, ಬಟ್ಟಲಿನ ಮುಂದೆ ಕೂರಿಸುವ ಮನುಷ್ಯ ಅವನು. ಒಮ್ಮೆ ಜನಗಣತಿಗೆ ಬಂದ ಮಾಸ್ತರರು ತಾವು ಮೀನು ಮುಟ್ಟುವುದಿಲ್ಲ ಎಂದಾಗ ಮಾಬ್ಲನ ಮುಖ ಎಷ್ಟು ಸಣ್ಣದಾಯಿತೆಂದರೆ, ಪಾಪ, ಆ ಮಾಸ್ತರರೇ ಚೊಂಬುಗಟ್ಟಲೆ ಮಜ್ಜಿಗೆ ಕುಡಿದು ಅವನನ್ನು ಸಮಾಧಾನ ಮಾಡಬೇಕಾಯಿತು. ಹೆಂಡತಿ ಈರಮ್ಮ "ನಮ್ಮನೆ ಎಂತ ಖಾನಾವಳಿಯಾ?" ಎಂದು ಗೊಣಗುತ್ತಲೇ ಒಲೆಯ ಮೇಲೆ ಮತ್ತೆ ಕಾವಲಿ ಇಡುತ್ತಿದ್ದಳು.

ಇಂಥವನ ಮನೆಗೆ ಸರ್ಕಾರ ಹುಳಗಳನ್ನು ಕಳಿಸಿಕೊಟ್ಟಿತು.

ಸಾವಯವ ಕೃಷಿಗೆ ಸಹಾಯ ಕೊಡುತ್ತೇವೆ ಎಂದು ಸರ್ಕಾರ ಊರೂರಿಗೆ ಬರುತ್ತಿದ್ದ ವರ್ಷಗಳವು, ಎರಡು ಸಾವಿರದ ಐದರ ಆಸುಪಾಸು. ಕೃಷಿ ಇಲಾಖೆಯ ಕಮಲಾಕರ, ಸಂತೆಗುಳಿಯ ಕಡೆಯ ಹುಡುಗ, ಬೈಕಿನಲ್ಲಿ ಕೇರಿಯೆಲ್ಲ ಸುತ್ತಿ ಎರೆಹುಳು ಗೊಬ್ಬರದ ತೊಟ್ಟಿಗೆ ಜನ ಹುಡುಕಿದ. ದನ ಸಾಕುವುದು ಗೊತ್ತು, ಹುಳ ಸಾಕುವುದೆಂದರೇನು ಎಂದು ಎಲ್ಲರೂ ನಕ್ಕರು. ಮಾಬ್ಲ ಮಾತ್ರ ಪೂರ್ತಿ ಕೇಳುವ ಮೊದಲೇ ಒಪ್ಪಿಕೊಂಡ. ಕಾರಣವಿತ್ತು. ತೊಟ್ಟಿ ಚೆನ್ನಾಗಿ ನಡೆದರೆ ಬೇರೆ ತಾಲೂಕಿನ ರೈತರು ನೋಡಲು ಬರುತ್ತಾರೆ, ಅವತ್ತು ತೋಟದ ಬಾಗಿಲಿಗೆ 'ಮಾದರಿ ಸಾವಯವ ತೋಟ' ಎಂಬ ಬೋರ್ಡು ಹಾಕಿ ರೈತನ ಹೆಸರು ಬರೆಸುತ್ತೇವೆ ಎಂದಿದ್ದ ಕಮಲಾಕರ.

ಊರ ಶಾಲೆಗೆ ಕಲ್ಲು ಹೊತ್ತವನು ಮಾಬ್ಲ, ಶಾಲೆಯ ಗೋಡೆಯ ಕಲ್ಲಿನಲ್ಲಿ ಹೆಸರಿದ್ದದ್ದು ಬೇರೆಯವರದು. ಅವನು ಅದನ್ನು ಯಾರ ಬಳಿಯೂ ಹೇಳಿಕೊಂಡವನಲ್ಲ. ಆದರೆ ಶಾಲೆಯ ಮುಂದೆ ಹೋಗುವಾಗ ಆ ಗೋಡೆಯ ಕಡೆ ತಿರುಗದೆ ಹೋಗುತ್ತಿದ್ದನೆಂಬುದು ಈರಮ್ಮನಿಗೆ ಗೊತ್ತಿತ್ತು.

ಹಿತ್ತಲಲ್ಲಿ, ಈರಮ್ಮನ ಬಸಳೆ ಚಪ್ಪರದ ಮಗ್ಗುಲಿಗೆ, ಸಿಮೆಂಟಿನ ತೊಟ್ಟಿ ಎದ್ದಿತು. ನೀರು ಬಸಿದು ಹೋಗಲೆಂದು ಬುಡದಲ್ಲೊಂದು ತೂತು. ಗೋಣಿಚೀಲದಲ್ಲಿ ಹುಳಗಳು ಬಂದವು. ಸಗಣಿ, ತರಗೆಲೆಯ ದರಕು, ಒಣಹುಲ್ಲು ಹಾಕಿ, ತೇವ ಕಾಪಾಡಿ ಎಂದು ಹೇಳಿ ಕಮಲಾಕರ ಹೋದ. ಮೀನು ಹಾಕಬೇಡಿ ಎಂದು ಹೇಳಲಿಲ್ಲ. ಅಂಥದ್ದನ್ನೂ ಹೇಳಬೇಕಾಗುತ್ತದೆಂದು ಅವನಿಗಾದರೂ ಹೇಗೆ ಹೊಳೆಯಬೇಕು?

ಒಂದಷ್ಟು ದಿನ ಮಾಬ್ಲ ತಡೆದುಕೊಂಡ. ದಿನವೂ ಗೋಣಿ ಎತ್ತಿ ನೋಡುತ್ತಿದ್ದ. ಸರ್ಕಾರದ ಕಡೆಯಿಂದ ಬಂದ ಬೀಗರು, ಬರೀ ಸಗಣಿಯಲ್ಲಿ ಬಿದ್ದುಕೊಂಡಿದ್ದಾರೆ, ನೋಡಿದರೆ ಹೊಟ್ಟೆ ಚುರುಕ್ ಎನ್ನದೆ ಇರುತ್ತದೆಯೇ? ತೆಂಗಿನ ಬುಡಕ್ಕೆ ತಾರ್ಲೆ ಮೀನು ಹಾಕುವುದು ಅವನ ಅಜ್ಜನ ಕಾಲದಿಂದ ಬಂದದ್ದು, ಯಾವ ಮರವೂ ಬೇಡವೆಂದದ್ದಿಲ್ಲ. ಹಾಗಾಗಿ ಉಪ್ಪು ಹಾಕಿ ಒಣಗಿಸಿಟ್ಟಿದ್ದ ತಾರ್ಲೆಯನ್ನು ಒಂದು ಬುಟ್ಟಿ ತಂದು, ಕೈಯಾರೆ ಪುಡಿ ಮಾಡಿ, ತೊಟ್ಟಿಗೆ ಉಣಬಡಿಸಿದ.

ಉಪ್ಪು ಬಿದ್ದಲ್ಲಿ ಎರೆಹುಳು ನಿಲ್ಲುತ್ತದೆಯೇ? ಕೆಲವು ಸತ್ತವು, ಉಳಿದವು ಬುಡದ ತೂತಿನಿಂದ ಪರಾರಿ.

ಮಾಬ್ಲ ತೊಟ್ಟಿಯನ್ನು ತೊಳೆದು, ಹೊಸ ಸಗಣಿ ತುಂಬಿ, ಮೇಲೆ ಗೋಣಿ ಮುಚ್ಚಿ, ಯಾರಾದರೂ ಕೇಳಿದರೆ "ನಿದ್ದೆ ಮಾಡ್ತವೆ" ಎನ್ನುತ್ತಿದ್ದ. ಅನ್ನ ಸೇರದಾಯಿತು. ಕೊನೆಗೆ ಈರಮ್ಮನೇ ಮಾತು ತೆಗೆದಳು.

"ನಿಮ್ಮ ಬೀಗರು ಎಲ್ಲಿದ್ದಾರೆ ಗೊತ್ತುಂಟಾ? ನನ್ನ ಬಸಳೆ ಬುಡದಲ್ಲಿ. ಎಲೆ ನೋಡಿ, ಅಂಗೈ ಅಗಲ ಬಂದದೆ."

ಮಾಬ್ಲ ಚಪ್ಪರ ನೋಡಿದ. ಹುಳ ಬೇಕೆಂದರೆ ಮಡಿ ಅಗೆಯಬೇಕು, ಅಗೆದರೆ ಬಸಳೆ ಹೋಯಿತು. ಅಕ್ಕಿ ತೊಳೆದ ನೀರು ಹೊಯ್ದು ಹೊಯ್ದು ಅವಳು ಬೆಳೆಸಿದ ಬಸಳೆ. ಊರಿಗೆಲ್ಲ ಬಡಿಸುವ ಕೈಗೆ ಅದೊಂದನ್ನು ಅವಳಿಂದ ಕೇಳಲು ಬರಲಿಲ್ಲ. "ಇರ್ಲಿ ಬಿಡು," ಎಂದ.

ನೋಡಲು ಬರುವವರ ದಿನ ಬಂತು. ಮಾಬ್ಲ ಬೆಳಗ್ಗೆಯೇ ಹೆದ್ದಾರಿಗೆ ಹೋಗಿ, ಒಲ್ಲದ ಮನಸ್ಸಿನಿಂದ ಜನರನ್ನು ಕರೆದುಕೊಂಡು ಬಂದ. ಭಟ್ಕಳದವರು, ಕುಮಟೆಯವರು, ಹಿರೇಗುತ್ತಿಯ ಹಮ್ಮ ಗೌಡ, ಜೊತೆಗೆ ಕಮಲಾಕರ, ಬೋರ್ಡು ಮತ್ತು ಬಣ್ಣದ ಡಬ್ಬ ಹಿಡಿದ ಪೇಂಟರು. ಹೆಸರಿನ ಜಾಗವಷ್ಟೇ ಖಾಲಿ.

ಕಮಲಾಕರ ಗೋಣಿ ಎತ್ತಿದ. ಒಳಗೆ ಕೆಂಪಗೆ, ಮಿಜಿಮಿಜಿ ಹುಳ.

ಬಂದವರಿಗಿಂತ ಹೆಚ್ಚು ಬೆರಗಾದವನು ಮಾಬ್ಲ. ತಿರುಗಿ ನೋಡಿದರೆ ಚಪ್ಪರ ಬೋಳು. ಮಡಿಯೆಲ್ಲ ಅಗೆದು ಹಾಕಿದೆ, ಬಳ್ಳಿ ಒಂದು ಬದಿಗೆ ರಾಶಿ. ಅಡುಗೆ ಮನೆಯ ಬಾಗಿಲಲ್ಲಿ ನಿಂತ ಈರಮ್ಮನ ಕೈಗೆ ಮೊಣಕೈ ತನಕ ಮಣ್ಣು. ಅವಳು ತೆಂಗಿನ ಮರದ ತುದಿ ನೋಡುತ್ತಿದ್ದಳು.

"ಹುಳಕ್ಕೆ ಎಂತ ಹಾಕ್ತ್ರಿ ನಾಯ್ಕರೆ?" ಹಮ್ಮ ಗೌಡ ಕೇಳಿದ.

ಹೇಳಲೆಂದು ಬಾಯಿಪಾಠ ಮಾಡಿಕೊಂಡದ್ದೆಲ್ಲ ಮರೆತುಹೋಯಿತು. "ತಾರ್ಲೆ ಹಾಕ್ದೆ," ಎಂದ ಮಾಬ್ಲ. "ಉಪ್ಪು ತಾರ್ಲೆ. ಅರ್ಧ ಸತ್ವು, ಅರ್ಧ ಓಡಿದ್ವು. ಓಡಿದ್ದನ್ನ ಇವ್ಳು ತನ್ನ ಬಸಳೆ ಕಿತ್ತು ತಂದು ಹಾಕಿದ್ದಾಳೆ. ಬೋರ್ಡಿಗೆ ಇವ್ಳ ಹೆಸರು ಬರೀರಿ."

ಭಟ್ಕಳದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಮಲಾಕರ ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಪೇಂಟರನ ಮುಖ ನೋಡಿದ.

"ಹುಚ್ಚಾ ನಿಮಗೆ? ರಸ್ತೆ ಮೇಲೆ ನನ್ನ ಹೆಸರು ಎಂತಕ್ಕೆ?" ಎಂದಳು ಈರಮ್ಮ. ಮಾಬ್ಲ ಜಗ್ಗಲಿಲ್ಲ. ಅವಳು ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಪೇಂಟರನ ಹತ್ತಿರ ಬಂದು, "ಆತು, ಬರೀರಿ. ಆದ್ರೆ ರೇಶನ್ ಕಾರ್ಡಲ್ಲಿ ಇದ್ದ ಹಾಗೆ ಪೂರ್ತಿ ಬರೀಬೇಕು," ಎಂದಳು.

ಕಿತ್ತ ಬಸಳೆ ಹಾಳಾಗಲಿಲ್ಲ. ಬಂದವರೆಲ್ಲ ಮಧ್ಯಾಹ್ನ ಬಸಳೆ-ಸಿಗಡಿ ಹುಳಿ ಉಂಡು, ಮಾಬ್ಲನ ಒತ್ತಾಯಕ್ಕೆ ಮತ್ತೆ ಹಾಕಿಸಿಕೊಂಡು, ಏಳಲಾರದೆ ಎದ್ದರು. ಅವರನ್ನು ಕಳಿಸಲು ಹೋದ ಮಾಬ್ಲ ತೋಟದ ಬಾಗಿಲಲ್ಲೇ ನಿಂತುಬಿಟ್ಟ. ಬಣ್ಣ ಇನ್ನೂ ಹಸಿಯಾಗಿತ್ತು. ಅವನು ಅಕ್ಷರ ಕೂಡಿಸಿ ಕೂಡಿಸಿ ಓದಿದ: ಈರಮ್ಮ ಮಾಬ್ಲ ನಾಯ್ಕ.