ಹಗಲು ಮಲಗುವ ಸೊಸೆ

"ರಾತ್ರಿ ಎರಡು ವಿಮಾನಕ್ಕೂ ಒಂದೇ ಎತ್ತರ ಹೇಳ್ಬಿಟ್ಟೆ, ಮಾವ. ಪಕ್ಕದಲ್ಲಿದ್ದವರು ಕೂಗಿ ಡಿಕ್ಕಿ ತಪ್ಪಿಸಿದ್ರು," ಎನ್ನುತ್ತಾ ಸೊಸೆ ಹೊಸಿಲಲ್ಲೇ ಕುಸಿದು ಕುಳಿತಳು. ವಿಮಾನಗಳಿಗೆ ದಾರಿ ಹೇಳುವ ಕೆಲಸ ಅವಳದು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವಳನ್ನು, ಹೆಣ್ಣುಮಗಳು ಹಗಲು ಮಲಗಿದರೆ ಮನೆಗೆ ದರಿದ್ರವೆಂದು ಬಾಗಿಲು ಬಡಿದು ಎಬ್ಬಿಸುತ್ತಿದ್ದವನು ನಾನೇ.

ಅಷ್ಟರಲ್ಲಿ ಅವಳಿಗೆ ಆಫೀಸಿನಿಂದ ಫೋನ್ ಬಂತು. ಜನ ಸಾಲದಂತೆ, ಮಧ್ಯಾಹ್ನವೇ ಮತ್ತೆ ಬರಬೇಕಂತೆ. ನಾನು ಫೋನ್ ಕಿತ್ತುಕೊಂಡೆ.

"ನಿದ್ದೆಗೆಟ್ಟವಳ ಕೈಗೆ ಮತ್ತೆ ವಿಮಾನ ಕೊಡ್ತೀರೇನ್ರೀ? ಕಳ್ಸಲ್ಲ. ಏನ್ ಮಾಡ್ಕೊಂತೀರೋ ಮಾಡ್ಕಳಿ!"

ನಮ್ಮ ಮನೆಯಲ್ಲಿ ಈಗ ಹಗಲು ಅವಳ ಕೋಣೆಯ ಕಿಟಕಿ ಮುಚ್ಚಿರುತ್ತದೆ. ದರಿದ್ರ ಎಂದು ಆಡಿಕೊಳ್ಳುವ ನೆಂಟರನ್ನು ಗೇಟಿನಾಚೆಯೇ ನಿಲ್ಲಿಸುತ್ತೇನೆ. ಆ ಎರಡು ವಿಮಾನಗಳಲ್ಲಿದ್ದವರ ಕ್ಷಮೆ ಕೇಳಲು ನನಗೆ ಬೇರೆ ದಾರಿ ಗೊತ್ತಿಲ್ಲ.